ಪ್ಯಾಡ್ ಸರಿಯಾಗಿದೆ

"ನೀವು ಸರಿ ಮಾಡಿದ ಮೇಲೆ ಇನ್ನೂ ಕೆಟ್ಟಿದೆ," ಎಂದು ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಇಟ್ಟಳು. ಇಟ್ಟಳು ಅನ್ನುವುದಕ್ಕಿಂತ ಕುಕ್ಕಿದಳು ಅಂದರೆ ಸರಿ.

ಮೇಜಿನ ಆಚೆ ಕುಳಿತವನು ಕಣ್ಣು ಮುಚ್ಚಿದ್ದ. ನಿದ್ದೆಯಲ್ಲ, ನಿದ್ದೆಯ ಹೊಸಿಲು. ಅವಳ ದನಿಗೆ ಒಂದು ಕಣ್ಣು ತೆರೆದ, ಯಾರೆಂದು ನೋಡಿದ, ಆಮೇಲೆ ಇನ್ನೊಂದನ್ನೂ ತೆರೆದ.

"ಕೂತ್ಕೊಳ್ಳಿ," ಅಂದ. "ಬೈಯೋದಾದ್ರೆ ಕೂತ್ಕೊಂಡು ಬೈಯಿರಿ. ನಿಂತು ಬೈದರೆ ಸುಸ್ತಾಗತ್ತೆ."

ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಪ್ರತಿ ಶನಿವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ಬಿಟ್ಟಿ ರಿಪೇರಿ ನಡೆಯುತ್ತಿತ್ತು. ಮುರಿದ ಛತ್ರಿಗೆ ಒಬ್ಬ ನಿವೃತ್ತ ನರ್ಸಮ್ಮ, ನಿಂತ ಗಡಿಯಾರಕ್ಕೆ ಒಬ್ಬ ಬಸ್ ಡ್ರೈವರ್, ಲ್ಯಾಪ್‌ಟಾಪಿಗೆ ಇವನು. ವಾರದ ಉಳಿದ ದಿನಗಳಲ್ಲಿ ಇವನು ಲಿಫ್ಟ್ ಮೆಕ್ಯಾನಿಕ್. ಆ ಕೋಣೆಯಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು.

ಹೋದ ಶನಿವಾರ ಅವಳ ದೂರು ಬೇರೆಯಿತ್ತು. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಸತ್ತಂತೆ ಬಿದ್ದಿರುತ್ತಿತ್ತು. ಏಳು ವರ್ಷದ ಹಳೆಯ ಲ್ಯಾಪ್‌ಟಾಪ್ ಅದು. ಆಮೆಯಂತೆ ತೆವಳುತ್ತಿದೆಯೆಂದು ಪ್ರೆಸ್ಸಿನ ಕಂಪ್ಯೂಟರ್ ಆಪರೇಟರ್ ಅದಕ್ಕೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದ. ಲಿನಕ್ಸ್ ಹಗುರಾಗಿ ಓಡುತ್ತಿತ್ತೇನೋ ನಿಜ, ಆದರೆ ನಿದ್ದೆಯಿಂದ ಎದ್ದಾಗ ತನ್ನದೇ ಟಚ್‌ಪ್ಯಾಡಿನ ಗುರುತು ಹಿಡಿಯುತ್ತಿರಲಿಲ್ಲ. ಅವನು ಕಪ್ಪು ಪರದೆಯೊಂದನ್ನು ತೆರೆದು ಎರಡು ಸಾಲು ಬರೆದು, ಟಚ್‌ಪ್ಯಾಡಿನ ಡ್ರೈವರನ್ನು, ಅಂದರೆ ಅದನ್ನು ನಡೆಸುವ ಪ್ರೋಗ್ರಾಮನ್ನು, ಒಮ್ಮೆ ಕಿತ್ತು ಮತ್ತೆ ಹಾಕಿದ್ದ. ಇನ್ನು ಮೇಲೆ ಎದ್ದಾಗಲೆಲ್ಲ ತಾನೇ ಹಾಗೆ ಮಾಡಿಕೊಳ್ಳುವಂತೆಯೂ ಏರ್ಪಾಡು ಮಾಡಿದ್ದ. ಅವಳು ಸಂತೋಷವಾಗಿ ಮನೆಗೆ ಹೋಗಿದ್ದಳು. ಆ ಸಂತೋಷ ಸೋಮವಾರದ ತನಕ ಬಾಳಿತು.

"ಈಗ ಏನ್ಮಾಡ್ತಿದೆ?" ಎಂದು ಕೇಳಿದ.

"ಏನ್ಮಾಡಲ್ಲ ಅಂತ ಕೇಳಿ. ಟೈಪ್ ಮಾಡ್ತಿರ್ತೀನಿ, ಪರದೆ ಮೇಲಿನ ಬಾಣ ಹಾರಿ ಇನ್ನೊಂದು ಸಾಲಲ್ಲಿ ಹೋಗಿ ಕೂತ್ಕೊಳ್ಳತ್ತೆ. ಒಂದು ಪದ ಹಿಡಿಯೋಕೆ ಹೋದ್ರೆ ಎರಡು ಹಿಡಿಯತ್ತೆ. ಹಿಡಿದಿದ್ದನ್ನ ಎಲ್ಲೋ ಬೀಳಿಸಿ ಬರತ್ತೆ."

"ಮೌಸ್ ಇಟ್ಕೊಬಹುದಲ್ಲ?"

"ಮಣಿಕಟ್ಟು ನೋಯತ್ತೆ. ಹತ್ತು ನಿಮಿಷಕ್ಕಿಂತ ಜಾಸ್ತಿ ಆಗಲ್ಲ."

ಅವನು ತಲೆಯಾಡಿಸಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ಮತ್ತೆ ಆ ಕಪ್ಪು ಪರದೆ. ಬೆರಳು ಟಚ್‌ಪ್ಯಾಡಿಗೆ ತಾಗಿದಾಗಲೆಲ್ಲ ಅದು ಏನನ್ನು ಗ್ರಹಿಸಿತು ಎಂಬುದನ್ನು ಸಾಲು ಸಾಲಾಗಿ ತೋರಿಸುವ ಒಂದು ಪರೀಕ್ಷೆ ಇದೆ; ಅದನ್ನು ಶುರು ಮಾಡಿದ.

"ಒಂದು ಬೆರಳಿಡಿ. ಅಲ್ಲಾಡಿಸ್ಬೇಡಿ. ಸುಮ್ನೆ ಇಟ್ಕೊಂಡಿರಿ."

ಅವಳು ಬಲಗೈಯ ತೋರುಬೆರಳಿಟ್ಟಳು. ಪರದೆಯ ಮೇಲೆ ಅಂಕಿಗಳ ಸಾಲುಗಳು ದಬದಬನೆ ಬೀಳತೊಡಗಿದವು. ಅವಳಿಗೆ ಅವು ಅರ್ಥವಾಗಲಿಲ್ಲ. ಅವನ ಕೈ ನೋಡುತ್ತ ಕುಳಿತಳು. ಉಗುರಿನ ಅಂಚಿನಲ್ಲಿ ಯಾವ ಸೋಪಿಗೂ ಬಗ್ಗದ ಗ್ರೀಸಿನ ಗೆರೆ. ಹೆಬ್ಬೆರಳ ಬುಡದಲ್ಲಿ ಮಾಗಿದ ಹಳೆಯ ಗಾಯ. ದಣಿದ ಕೈ, ಆದರೆ ಆತುರವಿಲ್ಲದ ಕೈ.

"ಸಾಕು," ಅಂದ ಅವನು. ದನಿ ಮೊದಲಿಗಿಂತ ಮೆಲ್ಲಗಾಗಿತ್ತು.

ಆಮೇಲೆ ತನ್ನ ಬೆರಳಿಟ್ಟು ನೋಡಿದ. ಅಂಕಿಗಳು ನಿಂತವು. ಆ ಹೊತ್ತಿಗೆ ಅವಳು ಕಿಟಕಿಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಇಟ್ಟು ಆಕಳಿಸುತ್ತಿದ್ದಳು. ಹಾಗಾಗಿ ಅವು ನಿಂತದ್ದನ್ನು ಅವಳು ನೋಡಲಿಲ್ಲ.

"ಏನಾಗಿದೆ?"

ಅವನು ಪರದೆಯ ಮೇಲಿನ ಅಂಕಿಗಳನ್ನು ಅಳಿಸಿದ. "ಸೆಟ್ಟಿಂಗ್ ಮಾಡ್ಬೇಕು," ಅಂದ. "ಒಂದೇ ದಿನಕ್ಕೆ ಆಗೋದಲ್ಲ. ಪ್ರತಿ ಶನಿವಾರ ತನ್ನಿ. ಸ್ವಲ್ಪ ಸ್ವಲ್ಪ ಸರಿ ಮಾಡೋಣ."

*

ಅವಳದು ಕರಡು ತಿದ್ದುವ ಕೆಲಸ. ಹದಿನೈದು ವರ್ಷದಿಂದ ಒಂದೇ ಪ್ರೆಸ್ಸಿಗೆ ಶಾಲೆಯ ಪುಸ್ತಕಗಳ ಅಚ್ಚಿನ ತಪ್ಪು ಹೆಕ್ಕುತ್ತಿದ್ದಳು. ಅಕ್ಕಿಯಲ್ಲಿ ಕಲ್ಲು ಆರಿಸುವಂಥದೇ ಕೆಲಸ. ಆರಿಸಿದ ಸಾವಿರ ಕಲ್ಲನ್ನು ಯಾರೂ ಕೇಳುವುದಿಲ್ಲ, ಹಲ್ಲಿಗೆ ಸಿಕ್ಕ ಒಂದನ್ನು ಎಲ್ಲರೂ ಕೇಳುತ್ತಾರೆ.

ಈ ವರ್ಷ ಒಂದು ಸಿಕ್ಕಿತ್ತು. ನಾಲ್ಕನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ, 'ಎರಡು' ಎಂಬ ಪದ 'ಶ್ವಾಸಕೋಶ'ಕ್ಕೆ ಮುಂಚೆ ಇದ್ದ ಜಾಗದಿಂದ ಜಾರಿ ಮೇಲಿನ ಸಾಲಿಗೆ ಹೋಗಿ ಕುಳಿತು, ಮನುಷ್ಯನ ಎದೆಯಲ್ಲಿ ಎರಡು ಹೃದಯಗಳಿವೆ ಎಂದಾಗಿ ಅಚ್ಚಾಗಿಬಿಟ್ಟಿತು. ಪುಸ್ತಕ ಮಕ್ಕಳ ಕೈ ಸೇರಿದ ಮೇಲೆ ಯಾರೋ ಮೇಷ್ಟರು ಪ್ರೆಸ್ಸಿಗೆ ಪತ್ರ ಬರೆದರು. ಮ್ಯಾನೇಜರು ಅವಳನ್ನು ಕರೆಸಿ, ಗದರದೆ, ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ, "ಇನ್ನೊಂದ್ಸಲ ಹೀಗಾದ್ರೆ ನಾವು ಬೇರೆಯವರನ್ನ ನೋಡ್ಬೇಕಾಗತ್ತೆ," ಅಂದರು. ಗದರಿದ್ದರೆ ಚೆನ್ನಾಗಿತ್ತು. ಮೆತ್ತಗೆ ಹೇಳಿದ ಮಾತು ಮನೆಯ ತನಕ ಹಿಂದೆಯೇ ಬರುತ್ತದೆ.

ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಅವಳು ಮತ್ತು ಅವಳ ಚಿಕ್ಕಮ್ಮ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಚಿಕ್ಕಮ್ಮ ಮೂವತ್ತು ವರ್ಷ ಟೈಲರ್ ಆಗಿದ್ದವಳು. ಈಗ ಹೊಲಿಗೆ ಬಿಟ್ಟಿದ್ದರೂ ಜನರನ್ನು ಅಳೆಯುವ ಅಭ್ಯಾಸ ಬಿಟ್ಟಿರಲಿಲ್ಲ.

"ಯಾರೇ ಅದು ಲಿಫ್ಟಣ್ಣ?" ಎಂದಳು ಒಂದು ಸಂಜೆ, ಗುಂಡಿ ಹೊಲಿಯುತ್ತ.

"ಟಚ್‌ಪ್ಯಾಡ್ ರಿಪೇರಿ ಮಾಡೋರು."

"ಅಂಗೈಯಷ್ಟು ಜಾಗ. ಅದನ್ನ ರಿಪೇರಿ ಮಾಡೋಕೆ ಮೂರು ಶನಿವಾರ ಬೇಕಾ? ನಾನು ಮೂರು ದಿನದಲ್ಲಿ ಕೋಟು ಹೊಲಿದು ಕೊಡ್ತಿದ್ದೆ."

"ಲಿನಕ್ಸ್ ಚಿಕ್ಕಮ್ಮ. ನಿನಗೆ ಗೊತ್ತಾಗಲ್ಲ."

"ಲಿನಕ್ಸ್ ಗೊತ್ತಾಗಲ್ಲ ಕಣೆ. ಶನಿವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕ್ಕೊಂಡು ಹೋಗೋದು ಗೊತ್ತಾಗತ್ತೆ." ಚಿಕ್ಕಮ್ಮ ದಾರವನ್ನು ಹಲ್ಲಲ್ಲಿ ಕಚ್ಚಿ ತುಂಡರಿಸಿದಳು. ಆಮೇಲೆ ಅವಳ ಮುಂದಿದ್ದ ಚಹಾದ ಬಸಿಯನ್ನು ನೋಡಿದಳು. ಬಸಿಯಲ್ಲಿ ಚಹಾ ಚೆಲ್ಲಿತ್ತು. "ಚೆಲ್ಲಿದ್ದೀಯಲ್ಲ."

"ನಿದ್ದೆ ಸಾಲದು," ಎಂದು ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಚಿಕ್ಕಮ್ಮ ಆ ಮಡಿಲನ್ನೊಮ್ಮೆ ನೋಡಿ, ಸೂಜಿಗೆ ಹೊಸ ದಾರ ಪೋಣಿಸತೊಡಗಿದಳು.

*

ಶನಿವಾರಗಳು ಉರುಳಿದವು. ಮೊದಲ ವಾರ ಅವನು, ಟೈಪ್ ಮಾಡುವಾಗ ಟಚ್‌ಪ್ಯಾಡ್ ಏನೇ ತಾಗಿದರೂ ಕಿವುಡಾಗಿರುವಂತೆ ಮಾಡಿದ. ಎರಡನೇ ವಾರ, ಸುಮ್ಮನೆ ತಟ್ಟಿದರೆ ಕ್ಲಿಕ್ ಆಗದೆ, ಗಟ್ಟಿಯಾಗಿ ಒತ್ತಿದರೆ ಮಾತ್ರ ಆಗುವಂತೆ. ಮೂರನೇ ವಾರ ಬಾಣದ ಓಟ ತಗ್ಗಿಸಿದ. ಸಣ್ಣ ಅಲುಗಾಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಅದನ್ನು ಪಳಗಿಸಿದ. ಪ್ರತಿ ಸಲ ಅವಳ ಬೆರಳಿಡಿಸಿ ನೋಡುತ್ತಿದ್ದ, ಒಂದು ಅಂಕಿ ಬದಲಿಸುತ್ತಿದ್ದ, ಮತ್ತೆ ಇಡಿಸುತ್ತಿದ್ದ. ಕನ್ನಡಕದವರು ಒಂದೊಂದೇ ಗಾಜು ಹಾಕಿ 'ಈಗ ಹೇಗೆ, ಈಗ ಹೇಗೆ' ಎಂದು ಕೇಳುವ ಹಾಗೆ.

"ಈಗ ಹೇಗೆ?"

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಾನೋ, ಇವನ ಹತ್ರ ಏನು ಹೇಳೋದು ಅಂತಾನೋ?"

ಅವಳು ತಲೆ ತಗ್ಗಿಸಿಕೊಂಡೇ ನಕ್ಕಳು. ನಗುವಾಗ ಅವಳ ಎಡ ಹುಬ್ಬು ಮಾತ್ರ ಸ್ವಲ್ಪ ಮೇಲೇರುತ್ತಿತ್ತು, ಬಲದ್ದು ವಿಶ್ರಾಂತಿಯಲ್ಲಿರುತ್ತಿತ್ತು. ಅವನು ಅದನ್ನು ಗಮನಿಸಿದ. ಅವನು ಗಮನಿಸಿದ್ದನ್ನು ಅವಳು ಗಮನಿಸಿದಳು. ಇಬ್ಬರೂ ತಕ್ಷಣ ಟಚ್‌ಪ್ಯಾಡಿನಲ್ಲಿ ಬಹಳ ಆಸಕ್ತಿ ತಳೆದರು.

ಎರಡು ಹೃದಯದ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ. ಅವನು ಗಂಭೀರವಾಗಿ ಕೇಳಿದ.

"ತಪ್ಪೇನಿಲ್ಲ ಬಿಡಿ," ಅಂದ. "ಕೆಲವರಿಗೆ ಎರಡು ಇರತ್ತೆ. ಒಂದು ಡ್ಯೂಟಿಗೆ, ಒಂದು ಮನೆಗೆ. ನನಗೆ ಡ್ಯೂಟೀದು ಮಾತ್ರ ಇತ್ತು, ಅದಕ್ಕೆ ಮನೆ ಹೋಯ್ತು."

ಅವಳು ಕೇಳಲಿಲ್ಲ, ಅವನೇ ಹೇಳಿದ. ಮದುವೆಯಾಗಿ ಎಂಟು ವರ್ಷಕ್ಕೆ ಹೆಂಡತಿ ಬಿಟ್ಟು ಹೋಗಿದ್ದಳಂತೆ. ಜಗಳವಿಲ್ಲ, ರಂಪವಿಲ್ಲ. "ಅವಳ ತಪ್ಪಲ್ಲ. ಎಲ್ಲಿ ಲಿಫ್ಟ್ ನಿಂತ್ರೂ ನನಗೆ ಫೋನು. ಕರೆದಲ್ಲಿಗೆಲ್ಲ ಹೋಗ್ತಿದ್ದೆ. ಯಾರೂ ಕರೀದೇ ಇರೋ ಜಾಗ ಅಂದ್ರೆ ಮನೆ ಒಂದೇ. ಅಲ್ಲಿಗೆ ಹೋಗೋದು ಮರೆತೆ." ಹೇಳಿ ಸ್ಕ್ರೂಡ್ರೈವರನ್ನು ಡಬ್ಬಿಗೆ ಹಾಕಿ, ಮತ್ತೆ ತೆಗೆದು, ಬೇರೆ ಖಾನೆಗೆ ಹಾಕಿದ.

ಇನ್ನೊಂದು ಶನಿವಾರ ಅವನು ಕೇಳಿದ: "ಎಲ್ಲರೂ ನನ್ನ ಲಿಫ್ಟಣ್ಣ ಅಂತಾರೆ. ನೀವು ಒಂದ್ಸಲವೂ ಅಂದಿಲ್ಲ. 'ಏನ್ರೀ', 'ಕೇಳಿದ್ರಾ', 'ಇಲ್ಲಿ ನೋಡಿ'. ಯಾಕೆ?"

"ನನಗೆ ಅಣ್ಣ ಒಬ್ಬನಿದ್ದಾನೆ. ಸಾಕಾಗಿದೆ."

ಅರ್ಥವಾದದ್ದು ಮೊದಲು ಅವನ ಕಿವಿಗೆ ಇರಬೇಕು, ಅದು ಕೆಂಪಾಯಿತು. ಪಕ್ಕದ ಮೇಜಿನಲ್ಲಿ ನರ್ಸಮ್ಮ ಛತ್ರಿಯೊಂದನ್ನು ಅಗತ್ಯಕ್ಕಿಂತ ಹೆಚ್ಚು ಸಲ ಬಿಚ್ಚಿ ಮುಚ್ಚಿದಳು.

ಅದರ ಮುಂದಿನ ವಾರ, ಅವನು ಅಂಕಿ ಬದಲಿಸುತ್ತಿರುವಾಗಲೇ, ಅವಳಿಗೆ ಕುಳಿತಲ್ಲೇ ನಿದ್ದೆ ಬಂತು. ಏಳನೇ ಕ್ಲಾಸಿನ ಭೂಗೋಳವನ್ನು ಮೂರು ದಿನದಲ್ಲಿ ಮುಗಿಸಿಕೊಟ್ಟಿದ್ದಳು. ಎಚ್ಚರವಾದಾಗ ಕೋಣೆ ಖಾಲಿ, ಗಡಿಯಾರದಲ್ಲಿ ಎರಡೂ ಕಾಲು. ಅವಳ ಕೆನ್ನೆಯ ಕೆಳಗೆ ಮಡಿಸಿಟ್ಟ ಅವನ ಜಾಕೆಟ್ ಇತ್ತು. ಅವನು ಎದುರಿಗೆ ಕೈಕಟ್ಟಿ ಕುಳಿತಿದ್ದ, ಕಾವಲುಗಾರನ ಹಾಗೆ. ಬಾಗಿಲ ಬಳಿ ಬೀಗದ ಕೈ ಹಿಡಿದು ಗ್ರಂಥಾಲಯದ ಜವಾನ ನಿಂತಿದ್ದ.

"ಎಬ್ಬಿಸೋದಲ್ವಾ?"

"ನೀವು ಹೀಗೆ ನಿದ್ದೆ ಮಾಡಿ ಎಷ್ಟು ದಿನ ಆಗಿತ್ತೋ," ಅಂದ. "ಇವರಿಗೆ ಹೇಳಿದ್ದೀನಿ, ಅವರ ಮನೆ ಫ್ಯಾನ್ ರಿಪೇರಿ ಮಾಡ್ಕೊಡ್ತೀನಿ ಅಂತ."

ಮನೆಗೆ ನಡೆಯುವಾಗ ಅವಳಿಗೆ ಬೀದಿ ಹೊಸದಾಗಿ ಕಂಡಿತು ಎಂದೇನಲ್ಲ. ಬೀದಿ ಅದೇ, ಕಾಲುನೋವು ಅದೇ. ಆದರೆ ಯಾರೋ ತನ್ನ ದಣಿವನ್ನು ತನಗೆ ಗೊತ್ತಿಲ್ಲದಂತೆ ಎತ್ತಿ ಪಕ್ಕಕ್ಕಿಟ್ಟು, ಧೂಳು ಒರೆಸಿ, ಮತ್ತೆ ಕೊಟ್ಟ ಹಾಗಿತ್ತು. ಅದು ಸ್ವಲ್ಪ ಹಗುರವಾಗಿತ್ತು.

*

ಆ ಬುಧವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಆಯಿತು. ಆಗಿ ಎದ್ದದ್ದೇ ತಡ, ಬಾಣ ಹಳೆಯ ಚಾಳಿ ಹಿಡಿಯಿತು. ಸಾಲಿನಿಂದ ಸಾಲಿಗೆ ಜಿಗಿತ, ಒಂದರ ಬದಲು ಎರಡು ಪದ. ಸಂಜೆ ಐದಕ್ಕೆ ಪ್ರೆಸ್ಸಿಗೆ ನಲವತ್ತು ಪುಟ ಕಳಿಸಬೇಕಿತ್ತು. ಅವಳು ಅವನಿಗೆ ಫೋನ್ ಮಾಡಿದಳು. ಅವನು ಯಾವುದೋ ಕಟ್ಟಡದ ನೆಲಮಾಳಿಗೆಯಲ್ಲಿದ್ದ. ದನಿಯ ಹಿಂದೆ ಮೋಟಾರಿನ ಗುರುಗುಟ್ಟು.

"ಗಾಬರಿಯಾಗ್ಬೇಡಿ. ಅಪ್‌ಡೇಟ್ ನನ್ನ ಸೆಟ್ಟಿಂಗ್ ಅಳಿಸಿದೆ ಅಷ್ಟೇ. ಒಂದು ಪ್ರತಿ ಇಟ್ಟಿದ್ದೀನಿ. ನಾನು ಹೇಳಿದ ಹಾಗೆ ಮಾಡಿ."

ಅವನು ಹೇಳುತ್ತ ಹೋದ, ಅವಳು ಮಾಡುತ್ತ ಹೋದಳು. ಈ ಫೋಲ್ಡರ್, ಅದರೊಳಗೆ ಇನ್ನೊಂದು, ಅದರಲ್ಲಿ 'ಪ್ಯಾಡ್' ಎಂಬ ಫೈಲ್. "ತೆರೀಬೇಡಿ, ಹಾಗೇ ಎತ್ತಿ..." ಎಂದು ಅವನು ಹೇಳುವಷ್ಟರಲ್ಲಿ ಅವಳ ಬೆರಳು ಜಾರಿ ಎರಡು ಸಲ ಒತ್ತಿತು. ಫೈಲ್ ತೆರೆದುಕೊಂಡಿತು.

ಅಂಕಿಗಳ ನಡುವೆ ಕನ್ನಡದ ಸಾಲುಗಳಿದ್ದವು. ಪ್ರತಿ ಸಾಲಿನ ಮೊದಲಿಗೆ ಒಂದು ಚಿಹ್ನೆ. ಆ ಚಿಹ್ನೆಯಿದ್ದರೆ ಯಂತ್ರ ಅದನ್ನು ಓದುವುದಿಲ್ಲ, ಅದು ಮನುಷ್ಯರ ನೆನಪಿಗೆ ಎಂದು ಅವನೇ ಒಮ್ಮೆ ಹೇಳಿದ್ದ. ಅವಳು ಕರಡು ತಿದ್ದುವವಳು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವುದು ಅವಳಿಗೆ ಬಾರದು.

'ಪ್ಯಾಡ್ ಸರಿಯಾಗಿದೆ. ಬಲಗೈ ತೋರುಬೆರಳು ನಡುಗುತ್ತದೆ.'

ಅದರ ಕೆಳಗೆ, ಮುಂದಿನ ಶನಿವಾರದ ತಾರೀಖು: 'ನಡುಕ ಹತ್ತು ಗಂಟೆಗೆ ಕಡಿಮೆ, ಹನ್ನೆರಡರ ಮೇಲೆ ಜಾಸ್ತಿ. ದಣಿವಿಗೆ ಸಂಬಂಧ ಇರಬಹುದು.'

ಅದರ ಕೆಳಗೆ: 'ಈ ಅಂಕಿ ಇನ್ನೂ ಏರಿಸಬಹುದು. ಅವರಿಗೆ ಗೊತ್ತಾಗದ ಹಾಗೆ.'

"ಹಲೋ?" ಅಂದ ಅವನು. "ಸಿಕ್ತಾ?"

"ಸಿಕ್ತು," ಅಂದಳು. "ಪ್ಯಾಡ್ ಸರಿಯಾಗಿದೆ ಅಂತ ಬರೆದಿದ್ದೀರಿ."

ಆಚೆ ಮೋಟಾರಿನ ಸದ್ದು ನಿಂತಿತು. ಅವನೇ ನಿಲ್ಲಿಸಿರಬೇಕು.

"ಎಷ್ಟು ದಿನದಿಂದ ಗೊತ್ತು?"

"ನೀವು ಎರಡನೇ ಸಲ ಬಂದಾಗಿಂದ."

"ಐದು ವಾರ." ಅವಳ ದನಿ ಏರಲಿಲ್ಲ, ಏರುವ ಶಕ್ತಿ ಅದಕ್ಕಿರಲಿಲ್ಲ. "ಐದು ವಾರ ನಾನು ಬಂದು ಪ್ಯಾಡ್ ಸರಿಯಿಲ್ಲ, ಪ್ಯಾಡ್ ಸರಿಯಿಲ್ಲ ಅಂತ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ಎದುರಿಗೆ ಕೂತ್ಕೊಂಡು ನೆಲ ಸರಿ ಮಾಡ್ತಾ ಇದ್ರಿ."

"ಪ್ರತಿ ಶನಿವಾರ ಹೇಳ್ಬೇಕು ಅಂತಾನೇ ಬರ್ತಿದ್ದೆ. ನೀವು..."

"ನನ್ನ ಕೈ ಬಗ್ಗೆ ನನಗಿಂತ ಮೊದಲು ನಿಮ್ಮ ಫೈಲಿಗೆ ಗೊತ್ತಾಯ್ತು."

ಅವಳು ಫೋನ್ ಇಟ್ಟಳು. ನಲವತ್ತು ಪುಟವನ್ನು ಅವನ ಅಂಕಿಗಳಿಲ್ಲದೆ, ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಮುಗಿಸಿದಳು. ಕಳಿಸುವಾಗ ಆರೂವರೆ ಆಗಿತ್ತು.

*

"ನನಗಿಂತ ಮೊದಲು" ಅಂದದ್ದು ಪೂರ್ತಿ ನಿಜವಲ್ಲ. ಅದು ಅವಳಿಗೂ ಗೊತ್ತಿತ್ತು. ಒಂದು ವರ್ಷದಿಂದ ಅವಳು ಲೋಟವನ್ನು ಅರ್ಧವೇ ತುಂಬಿಸುತ್ತಿದ್ದಳು. ಸಹಿ ಹಾಕುವಾಗ ಯಾರಾದರೂ ನೋಡುತ್ತಿದ್ದರೆ ಪೆನ್ನು ಬರೆಯುತ್ತಿಲ್ಲ ಎನ್ನುತ್ತಿದ್ದಳು. ಮರುದಿನ ಬೆಳಗ್ಗೆ, ಚಹಾದ ಲೋಟದ ಮುಂದೆ, ಬೇಕೆಂದೇ ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿ ಇಟ್ಟಳು.

ಚಿಕ್ಕಮ್ಮ ನೋಡಿದಳು. ಸೂಜಿ ಕೆಳಗಿಟ್ಟಳು.

"ಅಮ್ಮನ ಕೈ," ಅಂದಳು ಅವಳು.

"ಹೂಂ. ಅಕ್ಕನ ಕೈಯೇ. ನನಗೆ ಹೋದ ವರ್ಷವೇ ಗೊತ್ತಾಯ್ತು."

"ನೀನೂ ಹೇಳ್ಲಿಲ್ಲ."

"ಹೇಳೋಕೆ ಬಾಯಿ ಬರಲಿಲ್ಲ ಕಣೆ." ಚಿಕ್ಕಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದಳು. "ನಿಮ್ಮಮ್ಮ ಹದಿನಾಲ್ಕು ವರ್ಷ ಮುಚ್ಚಿಟ್ಟಳು. ಕೈ ಮೇಲೆ ಸೆರಗು ಹಾಕ್ಕೊಂಡು ಕೂರ್ತಿದ್ದಳು. ಯಾರ ಮನೆಗೂ ಊಟಕ್ಕೆ ಹೋಗ್ತಿರಲಿಲ್ಲ, ಚಮಚ ಹಿಡಿಯೋದು ನೋಡ್ತಾರೆ ಅಂತ. ಅವಳು ಸತ್ತಿದ್ದು ಹೃದಯದ ಕಾಯಿಲೆಗೆ, ನಡುಕಕ್ಕಲ್ಲ. ಆದ್ರೆ ಅವಳು ಸೊರಗಿದ್ದು ಅದನ್ನ ಮುಚ್ಚಿಟ್ಟು ಮುಚ್ಚಿಟ್ಟು. ಡಾಕ್ಟರ ಹತ್ರ ಹೋಗೋಣ ಅಂದ್ರೆ, ಹೋದ್ರೆ ಅದಕ್ಕೊಂದು ಹೆಸರು ಬರತ್ತೆ, ಬೇಡ ಅಂತಿದ್ದಳು."

ಹೊರಗೆ ಹಾಲಿನ ಗಾಡಿ ಹೋಯಿತು. ಚಿಕ್ಕಮ್ಮ ಚಹಾದ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿ ಕೇಳಿದಳು:

"ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ಆ ರಿಪೇರಿಯವರು ಬರೆದಿಟ್ಟಿದ್ದನ್ನ ಓದಿದೆ."

ಚಿಕ್ಕಮ್ಮ ಎಲ್ಲವನ್ನೂ ಕೇಳಿದಳು. ಕೊನೆಗೆ, "ಹೇಳದೇ ಇದ್ದಿದ್ದು ತಪ್ಪು," ಅಂದಳು. "ನನ್ನದೂ ತಪ್ಪು, ಅವನದೂ ತಪ್ಪು. ಆದ್ರೆ ನಾನು ಸುಮ್ನೆ ನೋಡ್ತಾ ಕೂತಿದ್ದೆ. ಅವನು ಏನೋ ಒಂದು ಮಾಡಿದ. ನಡಿ, ಚಪ್ಪಲಿ ಹಾಕ್ಕೋ."

ಡಾಕ್ಟರು ಅವಳಿಂದ ಕಾಗದದ ಮೇಲೆ ಸುರುಳಿ ಬರೆಸಿದರು, ನೀರಿನ ಲೋಟ ಎತ್ತಿಸಿದರು, ಕೈ ಚಾಚಿಸಿದರು. ಕೆಲವು ಪರೀಕ್ಷೆ ಮಾಡಿಸಿದರು. ಮುಂದಿನ ವಾರ ಹೇಳಿದರು: ವಂಶದಲ್ಲಿ ಬರುವ ನಡುಕ. ಪ್ರಾಣಕ್ಕೆ ಭಯವಿಲ್ಲ. ಪೂರ್ತಿ ಹೋಗುವುದೂ ಇಲ್ಲ. ಮಾತ್ರೆಯಿಂದ ಸ್ವಲ್ಪ ತಗ್ಗಬಹುದು, ದಣಿದಷ್ಟೂ ಹೆಚ್ಚುತ್ತದೆ. "ಕೆಲಸ ಕಡಿಮೆ ಮಾಡೋಕೆ ಆಗತ್ತಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಯಾರೂ ಇದುವರೆಗೆ ಅವಳನ್ನು ಕೇಳಿರಲಿಲ್ಲ.

ಅವಳು ನೇರ ಪ್ರೆಸ್ಸಿಗೆ ಹೋಗಿ ಮ್ಯಾನೇಜರ ಮುಂದೆ ಕುಳಿತಳು. ಅವರು ಕಾಗದವೊಂದನ್ನು ಮುಂದಿಟ್ಟಾಗ ಪೆನ್ನು ಸರಿಯಿಲ್ಲ ಎನ್ನದೆ, ಅವರು ನೋಡುತ್ತಿರುವಾಗಲೇ, ನಡುಗುವ ಕೈಯಲ್ಲಿ ಸಹಿ ಹಾಕಿದಳು. ಆಮೇಲೆ ಹೇಳಿದಳು. ಅವಸರದ ಪುಸ್ತಕಗಳು ಇನ್ನು ತನಗೆ ಬೇಡ, ಮೂರು ದಿನದ್ದಕ್ಕೆ ಎಂಟು ದಿನ ಬೇಕು, ಕೊಡುವುದಾದರೆ ಕೊಡಿ. ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ನಿಮ್ಮ ಕಣ್ಣಿಗೆ ಬೀಳೋ ತಪ್ಪು ಬೇರೆಯವರಿಗೆ ಬೀಳಲ್ಲ, ಅಂದರು. ಅರ್ಧ ಪುಸ್ತಕಗಳು ಉಳಿದವು. ಅರ್ಧ ಹೋದವು. ಮೆಟ್ಟಿಲಿಳಿಯುವಾಗ ಅವಳಿಗೆ ಹೋದ ಅರ್ಧಕ್ಕೆ ಅಳು ಬಂತು, ಆದರೆ ಆ ಅಳುವಿನಲ್ಲಿ ಕಲ್ಲು ಇರಲಿಲ್ಲ.

*

ಶನಿವಾರ ಗ್ರಂಥಾಲಯಕ್ಕೆ ಹೋದಾಗ ಅವನ ಕುರ್ಚಿ ಖಾಲಿಯಿತ್ತು.

"ಹೋದ ವಾರವೂ ಬರಲಿಲ್ಲ," ಅಂದಳು ನರ್ಸಮ್ಮ, ಛತ್ರಿಯ ಕಡ್ಡಿಗೆ ತಂತಿ ಸುತ್ತುತ್ತ. "ಅಂಚೆ ಕಚೇರಿ ಹಿಂದೆ ಎತ್ತರದ ಕಟ್ಟಡ ಇದೆಯಲ್ಲ, ಅದರ ಲಿಫ್ಟಲ್ಲಿ ಕೆಲಸ. ಶನಿವಾರ ರಜ ಇರತ್ತೆ ಅವನಿಗೆ. ಈಗ ತಾನೇ ಕೇಳಿ ಡ್ಯೂಟಿ ಹಾಕಿಸ್ಕೊಂಡಿದ್ದಾನೆ." ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಲ್ಯಾಪ್‌ಟಾಪ್ ತಂದಿಲ್ಲ ನೀವು."

"ಇಲ್ಲ," ಅಂದಳು ಅವಳು.

"ಒಳ್ಳೇದು. ಭಾರ."

ಕಟ್ಟಡದ ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗಿನ ಗೋಡೆಯ ಗುಂಡಿಗಳ ಫಲಕವನ್ನು ಬಿಚ್ಚಿ, ಅವನು ಮಂಡಿಯೂರಿ ತಂತಿ ಸೇರಿಸುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಎದ್ದು ನಿಂತ. ಎದ್ದು ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯದೆ ಬಟ್ಟೆಯಲ್ಲಿ ಕೈ ಒರೆಸಿಕೊಂಡ.

"ಡಾಕ್ಟರ ಹತ್ರ ಹೋಗಿದ್ದೆ," ಅಂದಳು. ಅವರು ಹೇಳಿದ್ದನ್ನೆಲ್ಲ ಹೇಳಿದಳು.

ಅವನು ಅರ್ಧಕ್ಕೇ ಅಲ್ಲೇ ಇದ್ದ ಸಲಕರಣೆಯ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟ. "ಪ್ರಾಣಕ್ಕೆ ಏನೂ ಇಲ್ಲ ತಾನೇ," ಎಂದು ಎರಡು ಸಲ ಕೇಳಿದ. ಎರಡು ವಾರ ಅವನು ಏನೇನು ಕಲ್ಪಿಸಿಕೊಂಡಿದ್ದ ಎಂಬುದು ಆ ಕೂರುವಿಕೆಯಲ್ಲೇ ಇತ್ತು.

"ಏನೂ ಇಲ್ಲ. ಈಗ ನೀವು ಹೇಳಿ. ಯಾಕೆ ಹೇಳ್ಲಿಲ್ಲ?"

"ನಿಮಗೆ ನೋವಾಗತ್ತೆ ಅಂತ..."

"ಅದು ಚೆನ್ನಾಗಿರೋ ಉತ್ತರ. ನಿಜವಾದ್ದು ಹೇಳಿ."

ಅವನು ತನ್ನ ಬೂಟು ನೋಡಿಕೊಂಡ. ಅಂಚೆ ಕಚೇರಿಯ ಕಡೆಯಿಂದ ಯಾರೋ ಬಂದು, ಲಿಫ್ಟ್ ಕೆಟ್ಟಿರುವುದನ್ನು ನೋಡಿ, ಗೊಣಗುತ್ತ ಮೆಟ್ಟಿಲು ಹತ್ತಿದರು.

"ಹೇಳಿದ್ರೆ ನೀವು ಡಾಕ್ಟರ ಹತ್ರ ಹೋಗ್ತೀರಿ," ಅಂದ. "ನನ್ನ ಹತ್ರ ಬರೋಕೆ ಕಾರಣ ಇರಲ್ಲ. ಮೊದಲನೇ ವಾರ ನಿಮ್ಮ ನೋವಿಗೇ ಹೆದರಿದ್ದೆ, ಅದು ಸತ್ಯ. ಆಮೇಲಿನ ನಾಲ್ಕು ವಾರ ಸ್ವಾರ್ಥ. ಶನಿವಾರ ನೀವು ಬರ್ಬೇಕಿತ್ತು ನನಗೆ. ಅದಕ್ಕೆ ಡಾಕ್ಟರ ಬಾಗಿಲಿಗೆ ನಾನೇ ಅಡ್ಡ ಕೂತೆ. ಬೇರೆ ಏನಾದ್ರೂ ಕಾಯಿಲೆ ಆಗಿದ್ದಿದ್ರೆ, ಐದು ವಾರ ಅಂದ್ರೆ... ಅದನ್ನ ಯೋಚಿಸಿದಾಗಿಂದ ಆ ಕೋಣೆಗೆ ಹೋಗೋಕೆ ಮುಖ ಇಲ್ಲ."

ಈ ಎರಡು ವಾರದಲ್ಲಿ ಅವನಿಗೆ ಹೇಳಬೇಕೆಂದು ಹರಿತಗೊಳಿಸಿಟ್ಟಿದ್ದ ಮಾತುಗಳು ಎಷ್ಟೋ ಇದ್ದವು. ಅವನೇ ಎಲ್ಲವನ್ನೂ ಆಡಿ ಮುಗಿಸಿದ್ದ.

"ಸಿಟ್ಟು ಹೋಗಿಲ್ಲ ನನಗೆ," ಅಂದಳು.

"ಹೋಗೋದೂ ಬೇಡ."

"ಇನ್ನೊಂದ್ಸಲ ನನ್ನ ವಿಷಯ ನನಗೆ ಹೇಳದೆ ಬರೆದಿಡೋ ಹಾಗಿಲ್ಲ."

"ಇಲ್ಲ."

"ಕೆಟ್ಟದಾದ್ರೂ ಹೇಳ್ಬೇಕು. ಬಾಯಿ ಬರದಿದ್ರೂ."

"ಹೇಳ್ತೀನಿ." ಅವನು ತಲೆಯೆತ್ತಿದ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. "ಈಗಲೇ ಒಂದು ಹೇಳ್ಲಾ? ಕೆಟ್ಟದ್ದೋ ಒಳ್ಳೇದೋ ನೀವೇ ನೋಡಿ. ನನಗೆ ನಿಮ್ಮನ್ನ ಕಂಡ್ರೆ ತುಂಬ ಇಷ್ಟ. ಲ್ಯಾಪ್‌ಟಾಪ್ ಇದ್ರೂ, ಇಲ್ದಿದ್ರೂ."

ಅವಳ ಎಡ ಹುಬ್ಬು ಸ್ವಲ್ಪ ಏರಿತು.

"ನನಗೆ ತುಂಬ ಸುಸ್ತಾಗಿದೆ," ಅಂದಳು. "ಈಗ ಅಂತಲ್ಲ. ಎಷ್ಟೋ ವರ್ಷದ್ದು. ಓಡಿ ಬಂದು ನಿಮ್ಮ ಕೈ ಹಿಡಿಯೋ ವಯಸ್ಸೂ ಇಲ್ಲ, ಉಸಿರೂ ಇಲ್ಲ. ನಿಧಾನಕ್ಕೆ ಬರ್ತೀನಿ. ಅಷ್ಟು ಕಾಯೋಕಾಗತ್ತಾ?"

"ನನಗೂ ಓಡೋಕಾಗಲ್ಲ," ಅಂದ. "ಮಂಡಿ ಹೋಗಿದೆ."

ಇಬ್ಬರೂ ನಕ್ಕರು. ದೊಡ್ಡ ನಗುವಲ್ಲ; ದಿನವಿಡೀ ದುಡಿದು ಬಂದವರು ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿ ನಗುವಂಥದ್ದು.

ಅವನು ಫಲಕವನ್ನು ಗೋಡೆಗೆ ಕೂರಿಸಿ ನಾಲ್ಕು ಸ್ಕ್ರೂ ಬಿಗಿದ. "ಒಂದ್ಸಲ ಮೇಲೆ ಹೋಗಿ ಬರ್ಬೇಕು, ಸರಿಯಾಗಿದೆಯೋ ಇಲ್ವೋ ನೋಡೋಕೆ. ಬರ್ತೀರಾ? ಏಳನೇ ಮಹಡಿ."

ಅವಳು ಒಳಗೆ ಬಂದಳು. ಅವನು ಗುಂಡಿಯ ಕಡೆ ಕೈ ಚಾಚಿದವನು ಹಿಂದಕ್ಕೆ ತೆಗೆದುಕೊಂಡ. ಅವಳು ತೋರುಬೆರಳು ಮುಂದೆ ಮಾಡಿದಳು. ಬೆರಳು ನಡುಗಿತು, ಅವಳು ಅದನ್ನು ಮುಚ್ಚಲಿಲ್ಲ, ಅವನು ಮುಖ ತಿರುಗಿಸಲಿಲ್ಲ. ಏಳು ಒತ್ತಿತು. ಜೊತೆಗೆ ನಾಲ್ಕೂ ಒತ್ತಿತು. ಎರಡು ಗುಂಡಿಯಲ್ಲೂ ಬೆಳಕು ಹತ್ತಿತು.

"ಅಯ್ಯೋ," ಅಂದಳು ಮೆಲ್ಲಗೆ.

"ಇರಲಿ ಬಿಡಿ."

ಲಿಫ್ಟ್ ನಾಲ್ಕರಲ್ಲಿ ನಿಂತು ಬಾಗಿಲು ತೆರೆಯಿತು. ಉದ್ದನೆಯ ಖಾಲಿ ಮೊಗಸಾಲೆ. ತುದಿಯ ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಯಾರೂ ಹತ್ತಲಿಲ್ಲ, ಯಾರೂ ಇಳಿಯಲಿಲ್ಲ. ಅವಳು ಗೋಡೆಗೆ ಒರಗಿದಳು, ಆಮೇಲೆ ಗೋಡೆಯಿಂದ ಸರಿದು ಅವನ ಭುಜಕ್ಕೆ ಒರಗಿದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ತನಕ ಇಬ್ಬರೂ ಹಾಗೇ ನಿಂತು ಆ ಬಿಸಿಲನ್ನು ನೋಡಿದರು.